ಬಡ್ತಿಯ ಮರುದಿನ

ಕಚೇರಿಯ ಫಲಕಕ್ಕೆ ಒಂದು ಆಜ್ಞಾಪತ್ರವನ್ನು ಅಂಟಿಸುವುದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಅದರಲ್ಲಿರುವುದು ಒಬ್ಬರ ಹೆಸರು. ಆದರೆ ಓದುವವರು ಆ ಒಂದು ಹೆಸರನ್ನು ಮಾತ್ರ ಓದಿ ಹಿಂದಿರುಗುವುದಿಲ್ಲ. ಅಲ್ಲಿ ಇಲ್ಲದ ಹೆಸರುಗಳನ್ನೂ ಓದಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಮೇಜಿನಿಂದ ಮೇಜಿಗೆ ಪೇಡೆಯ ಪೊಟ್ಟಣ ಬರುತ್ತದೆ. ಹತ್ತು ಹನ್ನೆರಡು ವರ್ಷ ಪಕ್ಕದಲ್ಲಿಯೇ ಕುಳಿತು, ಮಧ್ಯಾಹ್ನದ ಬುತ್ತಿಯನ್ನು ಹಂಚಿಕೊಂಡು ಉಂಡ ಜೊತೆಗಾರರೊಬ್ಬರು ತಾವೂ ಒಂದು ಪೇಡೆಯನ್ನು ತೆಗೆದುಕೊಂಡು "ಬಹಳ ಸಂತೋಷ" ಎನ್ನುತ್ತಾರೆ. ಪೇಡೆ ಗಂಟಲಿನಿಂದ ಕೆಳಕ್ಕೆ ಇಳಿಯುವುದಿಲ್ಲ. ಮನೆಗೆ ಹೋದಮೇಲೆ, ಮುಖ ಏಕೆ ಸಪ್ಪಗಿದೆಯೆಂದು ಮನೆಯವರು ಕೇಳಿದರೆ, "ಏನೂ ಇಲ್ಲ, ತಲೆನೋವು" ಎಂಬ ಉತ್ತರ ದೊರೆಯುತ್ತದೆ.

ಈ ತಲೆನೋವನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂಬುದು ನಮ್ಮ ಉದ್ದೇಶ. ವಿಷಯವು ಚಿಕ್ಕದೆಂದು ತೋರಬಹುದು. ಆದರೆ ನಮ್ಮಲ್ಲಿ ಅನೇಕರು ಎಚ್ಚರವಾಗಿರುವ ಹೊತ್ತಿನ ಅರ್ಧಭಾಗವನ್ನು ಕಳೆಯುವುದು ಕಚೇರಿಯಲ್ಲಿಯೇ. ಅಲ್ಲಿ ಇಬ್ಬರ ನಡುವೆ ಮಾತು ಮುರಿದುಬಿದ್ದರೆ ಅದರ ಕಹಿಯು ಊಟದ ತಟ್ಟೆಯವರೆಗೂ ಬರುತ್ತದೆ. ಎಷ್ಟೋ ವೇಳೆ ನಿವೃತ್ತಿಯಾದ ಮೇಲೂ ಉಳಿಯುತ್ತದೆ. ಒಂದು ಬಡ್ತಿಯ ಕಾರಣದಿಂದ ಇಪ್ಪತ್ತು ವರ್ಷ ಒಬ್ಬರ ಮನೆಯ ಶುಭಕಾರ್ಯಕ್ಕೆ ಇನ್ನೊಬ್ಬರು ಹೋಗದಿದ್ದ ಸಂಗತಿಗಳನ್ನು ನಾವು ಬಲ್ಲೆವು.

ಲೋಕವು ಇದಕ್ಕೆ ಕೊಡುವ ಹೆಸರು ಹೊಟ್ಟೆಕಿಚ್ಚು. ಹೆಸರು ಸುಲಭವಾದದ್ದು; ಆದರೆ ನ್ಯಾಯವಾದದ್ದಲ್ಲವೆಂದು ನಮಗೆ ತೋರುತ್ತದೆ. ಹಿಂದೆ ಬಿದ್ದವನ ಮನಸ್ಸಿನಲ್ಲಿ ಇರುವುದು ಒಂದೇ ವಸ್ತುವಲ್ಲ. ತನಗೆ ಅನ್ಯಾಯವಾಯಿತೆಂಬ ಸಿಟ್ಟು ಅದರಲ್ಲಿದೆ; ತಾನು ಅಷ್ಟೇ ಯೋಗ್ಯನೋ ಅಲ್ಲವೋ ಎಂಬ ಅಳುಕು ಇದೆ; ನಾಲ್ಕು ಜನರ ಎದುರಿನಲ್ಲಿ ಸಣ್ಣವನಾದೆನೆಂಬ ನಾಚಿಕೆ ಇದೆ; ಮಗನ ಕಾಲೇಜಿನ ಶುಲ್ಕಕ್ಕೆ ಒದಗುತ್ತಿದ್ದ ಹಣ ತಪ್ಪಿತೆಂಬ ಕೇವಲ ವ್ಯಾವಹಾರಿಕವಾದ ಸಂಕಟವೂ ಇದೆ. ಇವುಗಳ ಪೈಕಿ ಮತ್ಸರವೆಂಬುದು ಒಂದು ಪಾಲು ಮಾತ್ರ. ಎಲ್ಲವನ್ನೂ ಸೇರಿಸಿ ಹೊಟ್ಟೆಕಿಚ್ಚೆಂದು ಕರೆದುಬಿಟ್ಟರೆ ಆ ಮನುಷ್ಯನು ಬಾಯಿ ಮುಚ್ಚಿಕೊಳ್ಳುತ್ತಾನೆ. ಬಾಯಿ ಮುಚ್ಚಿಕೊಳ್ಳುವುದರಿಂದಲೇ ಅನರ್ಥವು ಮೊದಲಾಗುವುದು.

ಗ್ರೀಕರ ಅರಿಸ್ಟಾಟಲನು ಭಾಷಣಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ ಮತ್ಸರದ ನೆಲೆಯನ್ನು ಸರಿಯಾಗಿ ಗುರುತಿಸಿದ್ದಾನೆ. ಕಾಲದಲ್ಲಿಯೂ ಸ್ಥಳದಲ್ಲಿಯೂ ವಯಸ್ಸಿನಲ್ಲಿಯೂ ಹೆಸರಿನಲ್ಲಿಯೂ ನಮಗೆ ಹತ್ತಿರದಲ್ಲಿರುವವರ ಮೇಲೆಯೇ ನಮಗೆ ಮತ್ಸರ ಹುಟ್ಟುವುದೆಂದೂ, ಸಾವಿರಾರು ವರ್ಷಗಳ ಹಿಂದಿನವರ ಮೇಲಾಗಲಿ ಭೂಮಿಯ ಅಂಚಿನಲ್ಲಿರುವವರ ಮೇಲಾಗಲಿ ಹುಟ್ಟುವುದಿಲ್ಲವೆಂದೂ ಅವನ ಅಭಿಪ್ರಾಯ. ಕುಬೇರನ ಐಶ್ವರ್ಯವನ್ನು ಕೇಳಿ ನಮ್ಮಲ್ಲಿ ಯಾರಿಗೂ ನಿದ್ರೆ ಕೆಡುವುದಿಲ್ಲ. ಪಕ್ಕದ ಮೇಜಿನವರ ಸಂಬಳಕ್ಕೆ ಇನ್ನೂರು ರೂಪಾಯಿ ಸೇರಿದರೆ ಕೆಡುತ್ತದೆ.

ಇದಕ್ಕೆ ಸಂಬಂಧಪಟ್ಟ ಒಂದು ದೊಡ್ಡ ಪರೀಕ್ಷೆಯೇ ನಡೆದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯು ತನ್ನ ಸಿಪಾಯಿಗಳ ಮನಸ್ಸನ್ನು ತಿಳಿಯಲೋಸುಗ ಐದು ಲಕ್ಷಕ್ಕೂ ಮಿಕ್ಕ ಮಂದಿಗೆ ಪ್ರಶ್ನಾವಳಿಗಳನ್ನು ಕೊಟ್ಟು ಉತ್ತರಗಳನ್ನು ಪಡೆಯಿತು. ಅದರ ಫಲಗಳನ್ನು ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞರೂ ಅವರ ಸಂಗಡಿಗರೂ ೧೯೪೯ರಲ್ಲಿ ಪ್ರಕಟಿಸಿದರು. ಸೈನ್ಯದ ಪೊಲೀಸು ದಳದಲ್ಲಿ ಬಡ್ತಿಯು ಅಪರೂಪ. ವಿಮಾನದಳದಲ್ಲಿಯಾದರೋ ಅದು ಧಾರಾಳ. ಯೋಗ್ಯನಾದವನಿಗೆ ಮೇಲೇರುವ ಅವಕಾಶವು ಚೆನ್ನಾಗಿದೆಯೆ ಎಂದು ಕೇಳಿದಾಗ, ಹೆಚ್ಚು ತೃಪ್ತಿಯ ಉತ್ತರ ಬಂದದ್ದು ಎಲ್ಲಿಂದ? ಪೊಲೀಸು ದಳದಿಂದ! ಕಾರಣವನ್ನು ಊಹಿಸುವುದು ಕಷ್ಟವಲ್ಲ. ಯಾರೂ ಮೇಲಕ್ಕೆ ಹೋಗದ ಕಡೆಯಲ್ಲಿ ನಿಂತಲ್ಲಿಯೇ ನಿಂತಿರುವುದು ಅವಮಾನವೆನಿಸುವುದಿಲ್ಲ. ಸುತ್ತಲಿನವರೆಲ್ಲ ಏರುತ್ತಿರುವಾಗ ತಾನೊಬ್ಬನೇ ನಿಂತಿರುವುದು ಅವಮಾನವೆನಿಸುತ್ತದೆ. ಮನುಷ್ಯನು ತನ್ನ ಪಾಲನ್ನು ಅಳೆಯುವುದು ನೆರೆಯವನ ಬಟ್ಟಲಿನಿಂದ.

ಈ ಪರೀಕ್ಷೆಯಿಂದ ಒಂದು ಸಮಾಧಾನವನ್ನು ತೆಗೆದುಕೊಳ್ಳಬಹುದು. ಅಸಮಾಧಾನವು ಹುಟ್ಟಿದ ಮಾತ್ರಕ್ಕೆ ಕಚೇರಿಯು ಕೆಟ್ಟದ್ದೆಂದಾಗಲಿ, ಅಸಮಾಧಾನಪಟ್ಟವನು ನೀಚನೆಂದಾಗಲಿ ತಿಳಿಯಬೇಕಾದುದಿಲ್ಲ. ಅದು ಹುಟ್ಟಿಯೇ ಹುಟ್ಟುತ್ತದೆ. ಹುಟ್ಟಿದ ಬಳಿಕ ಅದು ಯಾವ ಕಡೆಗೆ ತಿರುಗುವುದೆಂಬುದೇ ನೋಡಬೇಕಾದ ವಿಷಯ.

ತಿರುಗಿದ ದಿಕ್ಕನ್ನು ಕಂಡುಕೊಳ್ಳುವುದಕ್ಕೆ ನಮ್ಮ ಹಿರಿಯರು ಒಂದು ಲಕ್ಷಣವನ್ನು ಕೊಟ್ಟಿದ್ದಾರೆ. ಗುಣವಿರುವಲ್ಲಿ ದೋಷವನ್ನು ಕಾಣುವುದೇ ಅಸೂಯೆ ಎಂಬುದು ಶಾಸ್ತ್ರಕಾರರ ವಿವರಣೆ. ಇದನ್ನು ಕಚೇರಿಗೆ ಹಚ್ಚಿ ನೋಡೋಣ. ನೆನ್ನೆಯವರೆಗೆ ಆ ಜೊತೆಗಾರರು ಮಿತಭಾಷಿಗಳು. ಈ ದಿನ ಗುಮ್ಮನಗುಸಕರು. ನೆನ್ನೆ ಅವರದು ನಗುಮುಖ. ಈ ದಿನ ಅದು ಹಲ್ಲುಗಿಂಜುವಿಕೆ. ನೆನ್ನೆ ಅವರು ಹೊತ್ತಿಗೆ ಮುಂಚೆ ಬರುತ್ತಿದ್ದದ್ದು ಶ್ರದ್ಧೆಯಿಂದ. ಈ ದಿನ ತಿಳಿದುಬಂದದ್ದೇನೆಂದರೆ, ಮೇಲಧಿಕಾರಿಗಳ ಕಣ್ಣಿಗೆ ಬೀಳುವುದಕ್ಕಾಗಿ. ಮನುಷ್ಯರು ಒಂದು ರಾತ್ರಿಯಲ್ಲಿ ಇಷ್ಟು ಬದಲಾಗುವುದಿಲ್ಲ. ನಮ್ಮ ಬಾಯಿಂದ ಇಂಥ ಹೊಸ ವಿಶೇಷಣಗಳು ಹೊರಡುತ್ತಿವೆಯೆಂದು ಕಂಡುಬಂದರೆ, ಸಿಟ್ಟು ಎಲ್ಲಿಗೆ ಹೋಗಬೇಕಾಗಿತ್ತೋ ಅಲ್ಲಿಗೆ ಹೋಗದೆ ಪಕ್ಕದ ಮೇಜಿಗೆ ಹೋಗಿದೆಯೆಂದು ತಿಳಿಯಬಹುದು. ಆಜ್ಞೆಯನ್ನು ಹೊರಡಿಸಿದವರು ಜೊತೆಗಾರರಲ್ಲ. ಅವರು ಅದನ್ನು ಪಡೆದವರು. ಆದರೂ ಪೆಟ್ಟು ಬೀಳುವುದು ಅವರ ಮೇಲೆ, ಏಕೆಂದರೆ ಅವರು ಕೈಗೆ ಸಿಕ್ಕುತ್ತಾರೆ, ಮೇಲಧಿಕಾರಿಗಳು ಸಿಕ್ಕುವುದಿಲ್ಲ.

ಇಲ್ಲಿಗೆ ನಮ್ಮ ಮಾತಿನ ಮುಖ್ಯಭಾಗಕ್ಕೆ ಬಂದೆವು. ಹುದ್ದೆ ತಪ್ಪಿದ ನೋವಿಗಿಂತ, ಏಕೆ ತಪ್ಪಿತೆಂದು ಯಾರೂ ಹೇಳದಿರುವ ನೋವು ದೊಡ್ಡದು. ಹುದ್ದೆಯ ನೋವು ಮೂರು ತಿಂಗಳಿನಲ್ಲಿ ಆರಬಹುದು. ಹೇಳದೆ ಬಿಟ್ಟ ಕಾರಣವು ಆರುವುದಿಲ್ಲ, ಏಕೆಂದರೆ ಆ ಬರಿದಾದ ಸ್ಥಳವನ್ನು ಮನಸ್ಸು ತನಗೆ ತೋರಿದ ಕಾರಣಗಳಿಂದ ತುಂಬುತ್ತ ಹೋಗುತ್ತದೆ: ಜಾತಿ ಕಾರಣ, ಊರು ಕಾರಣ, ಯಾರೋ ಕೊಟ್ಟ ಶಿಫಾರಸು ಕಾರಣ, ಹೋದ ವರ್ಷ ನಾವು ಆಡಿದ ಒಂದು ಮಾತು ಕಾರಣ. ಇವುಗಳಲ್ಲಿ ಒಂದು ನಿಜವೇ ಆಗಿರಬಹುದು, ಯಾವುದೂ ನಿಜವಲ್ಲದಿರಬಹುದು. ತಿಳಿಯುವ ದಾರಿ ಇಲ್ಲದಿದ್ದಾಗ ಎಲ್ಲವೂ ನಿಜವೆಂದೇ ತೋರುತ್ತವೆ.

ನಮ್ಮ ದೇಶದ ನ್ಯಾಯಾಲಯಗಳಿಗೂ ಈ ವಿಷಯ ಬಂದಿದೆ. ಸರ್ಕಾರಿ ನೌಕರನಿಗೆ ಬಡ್ತಿಯೇ ಹಕ್ಕಲ್ಲ. ಬಡ್ತಿಗಾಗಿ ತನ್ನ ಹೆಸರನ್ನು ನ್ಯಾಯವಾಗಿ ಪರಿಶೀಲಿಸಬೇಕೆಂಬುದು ಹಕ್ಕು ಎಂಬ ತತ್ತ್ವವು ಬಹುಕಾಲದಿಂದ ನೆಲೆಗೊಂಡಿದೆ. ಆದರೆ ಪರಿಶೀಲನೆಯು ನಡೆಯುತ್ತಿದ್ದದ್ದು ವರ್ಷ ವರ್ಷವೂ ಮೇಲಧಿಕಾರಿಗಳು ಬರೆಯುವ ಗೋಪ್ಯ ವರದಿಯ ಆಧಾರದ ಮೇಲೆ. ಪ್ರತಿಕೂಲವಾದ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುವುದು, ಉಳಿದದ್ದನ್ನು ತಿಳಿಸದಿರುವುದು ರೂಢಿ. ಗಡಿ ರಸ್ತೆಗಳ ಇಲಾಖೆಯ ಇಂಜಿನಿಯರೊಬ್ಬರಿಗೆ ೧೯೯೩–೯೪ನೆಯ ಸಾಲಿನಲ್ಲಿ "ಉತ್ತಮ" ಎಂಬ ಷರಾ ಬಂದಿತ್ತು. ಕೇಳುವುದಕ್ಕೆ ಒಳ್ಳೆಯ ಮಾತೇ. ಆದರೆ ಮೇಲಿನ ಹುದ್ದೆಗೆ ಐದು ವರ್ಷವೂ "ಅತ್ಯುತ್ತಮ" ಎಂದಿರಬೇಕೆಂಬ ನಿಯಮವಿದ್ದುದರಿಂದ, ಆ ಒಂದು ಹೊಗಳಿಕೆಯೇ ಅವರ ಬಡ್ತಿಗೆ ಅಡ್ಡಬಂದಿತು! ಪ್ರತಿಕೂಲವಲ್ಲವೆಂಬ ಕಾರಣದಿಂದ ಅದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಅವರು ಆಗಲೇ ಪ್ರಶ್ನಿಸಬಹುದಾಗಿತ್ತು. ೨೦೦೮ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡುವ ವೇಳೆಗೆ ಅವರು ನಿವೃತ್ತರಾಗಿದ್ದರು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ವರದಿಯ ಪ್ರತಿಯೊಂದು ಷರಾವನ್ನೂ ಯುಕ್ತವಾದ ಕಾಲದೊಳಗೆ ನೌಕರನಿಗೆ ತಿಳಿಸತಕ್ಕದ್ದೆಂದು ಆ ತೀರ್ಪಿನಲ್ಲಿ ವಿಧಿಸಲಾಯಿತು. ಆ ವ್ಯಾಜ್ಯದ ಮೂಲದಲ್ಲಿದ್ದದ್ದು, ಆಡದೆ ಬಿಟ್ಟ ಒಂದು ಮಾತು.

ಕಾರಣವನ್ನು ಹೇಳುವುದರಿಂದ ಏನು ಪ್ರಯೋಜನ, ನಷ್ಟವು ನಷ್ಟವೇ ಅಲ್ಲವೆ, ಎಂದು ಅಧಿಕಾರಿಗಳಾದವರು ಕೇಳಬಹುದು. ಅವರಿಗೆ ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ವಿದ್ವಾಂಸರು ೧೯೯೦ರಲ್ಲಿ ಪ್ರಕಟಿಸಿದ ಒಂದು ಶೋಧನೆಯನ್ನು ಹೇಳಬೇಕು. ವಿಷಯ ಬಡ್ತಿಯದಲ್ಲ, ಸಂಬಳದ ಕಡಿತದ್ದು. ಆದರೆ ಒಳಗಿನ ತತ್ತ್ವವು ಒಂದೇ. ಅಮೆರಿಕದ ಒಂದು ಸಂಸ್ಥೆಗೆ ಸೇರಿದ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರಗಳ ಕಾಲ ಶೇಕಡ ೧೫ರಂತೆ ಸಂಬಳವನ್ನು ಇಳಿಸಬೇಕಾಯಿತು. ಒಂದು ಕಾರ್ಖಾನೆಯಲ್ಲಿ ಮುಖ್ಯಸ್ಥರು ಕೆಲಸಗಾರರ ಮುಂದೆ ನಿಂತು, ಲೆಕ್ಕಗಳನ್ನು ತೋರಿಸಿ, ವಿಷಾದವನ್ನು ಸೂಚಿಸಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಸ್ವಲ್ಪ ಹೊತ್ತಿನಲ್ಲಿ ನಾಲ್ಕು ಮಾತು ಹೇಳಿ ಮುಗಿಸಿದರು. ಎರಡನೆಯ ಕಾರ್ಖಾನೆಯಲ್ಲಿ ಸಾಮಾನುಗಳ ಕಳವು ಮೊದಲನೆಯದಕ್ಕಿಂತ ಬಹಳ ಹೆಚ್ಚಿತು. ಕಳೆದುಕೊಂಡ ಹಣವು ಎರಡು ಕಡೆಯಲ್ಲಿಯೂ ಒಂದೇ ಆಗಿತ್ತೆಂಬುದನ್ನು ಗಮನಿಸಬೇಕು.

ನಮ್ಮ ಕಚೇರಿಗಳಲ್ಲಿ ಕಳುವಾಗುವುದು ಸಾಮಾನಲ್ಲ, ಉತ್ಸಾಹ. ಕೇಳಿದಷ್ಟಕ್ಕೆ ಮಾತ್ರ ಉತ್ತರ, ಹೇಳಿದಷ್ಟು ಮಾತ್ರ ಕೆಲಸ, ತಪ್ಪು ಕಣ್ಣಿಗೆ ಬಿದ್ದರೂ ಸುಮ್ಮನಿರುವುದು, ಇವುಗಳಿಗೆ ಯಾವ ನಿಯಮದಲ್ಲಿಯೂ ಶಿಕ್ಷೆಯಿಲ್ಲ.

ಇದೆಲ್ಲವೂ ಹೊಸ ಕಾಲದ ರೋಗವೆಂದು ಯಾರೂ ತಿಳಿಯಬಾರದು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೌರವಸೇನೆಗೆ ಭೀಷ್ಮನು ಸೇನಾಪತಿಯಾಗಿ, ದುರ್ಯೋಧನನು ಕೇಳಲಾಗಿ ರಥರು ಯಾರು, ಅತಿರಥರು ಯಾರೆಂದು ಎಣಿಸುತ್ತ ಹೋಗುತ್ತಾನೆ. ಕರ್ಣನ ಸರದಿ ಬಂದಾಗ ಅವನನ್ನು ಅರ್ಧರಥನೆಂದುಬಿಡುತ್ತಾನೆ. ಸಭೆಯ ಎದುರಿನಲ್ಲಿ! ದ್ರೋಣನು ಹೌದೆನ್ನುತ್ತಾನೆ. ಕರ್ಣನು ಸಿಡಿದು, ಈ ಮುದುಕನು ಬದುಕಿರುವವರೆಗೆ ತಾನು ಯುದ್ಧಮಾಡುವುದಿಲ್ಲವೆಂದು ಶಪಥ ತೊಡುತ್ತಾನೆ. ಭೀಷ್ಮನು ಸೇನಾಪತಿಯಾಗಿದ್ದದ್ದು ಹತ್ತು ದಿನ. ಹದಿನೆಂಟು ದಿನದ ಯುದ್ಧದಲ್ಲಿ ಹತ್ತು ದಿನ ಕೌರವರ ಪಕ್ಷದ ಮಹಾವೀರನೊಬ್ಬನು ಬಿಡಾರದಲ್ಲಿ ಕುಳಿತಿದ್ದನು. ಮುನಿಸಿಕೊಂಡವನು ಕೆಲಸದಿಂದ ಕೈತೆಗೆದರೆ ಯಜಮಾನನಿಗೆ ಆಗುವ ನಷ್ಟಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ಕಾಣೆವು. ಕನ್ನಡದ ಆದಿಕವಿ ಪಂಪನೂ ಭೀಷ್ಮನ ಪಟ್ಟದ ಈ ಕಲಹವನ್ನು ಬಹು ತೀಕ್ಷ್ಣವಾಗಿ ಚಿತ್ರಿಸಿದ್ದಾನೆ. ನಮ್ಮ ಸಾಹಿತ್ಯವು ಈ ವಿಷಯವನ್ನು ಸಾವಿರ ವರ್ಷದಿಂದ ಬಲ್ಲದು.

ಆದರೆ ನಾವು ಈ ಕಥೆಯನ್ನು ಎತ್ತಿದ್ದು ಶಪಥಕ್ಕಾಗಿ ಅಲ್ಲ, ಮುಂದೆ ನಡೆದುದಕ್ಕಾಗಿ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ ಮೇಲೆ, ಉಳಿದವರೆಲ್ಲ ಹೋದಮೇಲೆ, ಕರ್ಣನು ಒಬ್ಬನೇ ಅವನ ಬಳಿಗೆ ಬರುತ್ತಾನೆ. ಆಗ ಭೀಷ್ಮನು ಕಾವಲುಗಾರರನ್ನು ದೂರಕ್ಕೆ ಕಳುಹಿಸಿ, ಒಂದು ಕೈಯಿಂದ ಅವನನ್ನು ತಬ್ಬಿಕೊಂಡು, ತನಗೆ ಅವನಲ್ಲಿ ದ್ವೇಷವಿರಲಿಲ್ಲವೆಂದೂ, ಅವನ ಶೌರ್ಯವನ್ನು ತಾನು ಬಲ್ಲೆನೆಂದೂ, ಕಟುವಾಗಿ ಆಡಿದ್ದು ಅವನ ತೇಜಸ್ಸನ್ನು ತಗ್ಗಿಸಿ ಕುಲದೊಳಗಿನ ಕಲಹವನ್ನು ತಡೆಯಲೆಂದೂ ಹೇಳುತ್ತಾನೆ. ಕಾರಣವು ಸರಿಯೋ ತಪ್ಪೋ, ಅದು ಬೇರೆಯ ಚರ್ಚೆ. ಕಾರಣವೆಂಬುದೊಂದು ಇತ್ತು, ಆ ಸಭೆ ಮುಗಿದ ಸಂಜೆಯೇ ಬಿಡಾರಕ್ಕೆ ಹೋಗಿ ಅದನ್ನು ಹೇಳಬಹುದಾಗಿತ್ತು. ಹೇಳಿದ್ದು ಬಾಣಗಳ ಮೇಲೆ ಮಲಗಿ. ನಿವೃತ್ತಿಯ ದಿನದ ಬೀಳ್ಕೊಡಿಗೆಯಲ್ಲಿ ಹಾರ ಹಾಕಿಸಿಕೊಂಡು, "ಇವರಿಗೆ ನಾವು ಎಂದೋ ನ್ಯಾಯ ಸಲ್ಲಿಸಬೇಕಾಗಿತ್ತು" ಎಂದು ಗದ್ಗದಕಂಠರಾಗುವ ಅಧಿಕಾರಿಗಳನ್ನು ಕಂಡಾಗಲೆಲ್ಲ ನಮಗೆ ಈ ಪ್ರಸಂಗವು ನೆನಪಿಗೆ ಬರುತ್ತದೆ.

ಅಧಿಕಾರಿಯು ತಾನಾಗಿ ಬಂದು ಹೇಳದಿದ್ದರೆ ಹಿಂದೆ ಬಿದ್ದವನು ತಾನೇ ಹೋಗಿ ಕೇಳಬೇಕು. ಇದು ಹೇಳುವುದಕ್ಕೆ ಸುಲಭ. ಅದೇ ದಿನ ಹೋಗಬಾರದು. ಆ ದಿನ ಬಾಯಿಗೆ ಬರುವುದು ಪ್ರಶ್ನೆಯಲ್ಲ, ಬೈಗುಳ. ಒಂದು ವಾರ ಬಿಟ್ಟು ಹೋಗುವುದು ಮೇಲು. ಎರಡು ತಿಂಗಳು ಬಿಡುವುದು ಒಳ್ಳೆಯದಲ್ಲ, ಅಷ್ಟರೊಳಗೆ ಮನಸ್ಸು ತನ್ನ ತೀರ್ಪನ್ನು ಬರೆದು ಮುದ್ರೆ ಒತ್ತಿರುತ್ತದೆ. "ಅವರಿಗೇಕೆ ಕೊಟ್ಟಿರಿ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬರಲೂ ಬಾರದು, ಒಬ್ಬರ ದಾಖಲೆಯನ್ನು ಇನ್ನೊಬ್ಬರ ಮುಂದೆ ಬಿಚ್ಚುವುದು ಸಭ್ಯತೆಯಲ್ಲ. "ನನ್ನ ಕೆಲಸದಲ್ಲಿ ಯಾವುದು ಸಾಲದಾಯಿತು? ಮುಂದಿನ ಸರದಿಯೊಳಗೆ ನಾನು ಏನನ್ನು ಮಾಡಿ ತೋರಿಸಬೇಕು?" ಎಂದು ಕೇಳಿದರೆ ಅಧಿಕಾರಿಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಸ್ಪಷ್ಟವಾದ ಉತ್ತರ ಬಂದರೆ ಅದು ಕಹಿಯಾದರೂ ಕೈಗೆ ಹಿಡಿದುಕೊಳ್ಳಬಹುದಾದ ವಸ್ತು. "ನೋಡೋಣ, ನೋಡೋಣ" ಎಂಬ ಉತ್ತರವೇ ಮೂರು ಸಲವೂ ಬಂದರೆ ಅದೂ ಒಂದು ಉತ್ತರವೇ. ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕುವುದರಲ್ಲಿ ನಾಚಿಕೆಯೇನೂ ಇಲ್ಲ.

ಈ ನಡುವೆ ಜಗಲಿಯ ಸಭೆಯೊಂದು ಇದ್ದೇ ಇರುತ್ತದೆ. ಕಾಫಿಯ ಹೊತ್ತಿಗೆ ನಾಲ್ಕು ಜನ ಸುತ್ತ ನಿಂತು, "ನಿಮಗಾದದ್ದು ಘೋರ ಅನ್ಯಾಯ ಸ್ವಾಮಿ" ಎನ್ನುತ್ತಾರೆ. ಕೇಳುವುದಕ್ಕೆ ಹಿತವಾಗಿರುತ್ತದೆ. ಇವರಲ್ಲಿ ಒಬ್ಬಿಬ್ಬರು ಅದೇ ಸಂಜೆ ಹೊಸ ಅಧಿಕಾರಿಗಳಿಗೆ ಅಭಿನಂದನೆಯ ಹಾರವನ್ನು ತರುವವರೆಂಬುದನ್ನು ಮಾತ್ರ ಮರೆಯಬಾರದು.

ಮೇಲಕ್ಕೆ ಹೋದವರ ಕಷ್ಟವನ್ನೂ ಹೇಳಬೇಕು. ಅವರ ಪಾಡು ನಾವು ತಿಳಿದುಕೊಂಡಿರುವಷ್ಟು ಸುಖದ್ದಲ್ಲ. ನೆನ್ನೆ ಹೆಸರು ಹಿಡಿದು ಕರೆಯುತ್ತಿದ್ದವರು ಈ ದಿನ "ಸಾರ್" ಎನ್ನುತ್ತಾರೆ. ಅದರಲ್ಲಿ ಗೌರವ ಎಷ್ಟು, ಚುಚ್ಚು ಎಷ್ಟೆಂದು ಬಿಡಿಸಿ ನೋಡಲಾಗದು. ಇಂಥವರು ಮಾಡುವ ತಪ್ಪು ಸಾಮಾನ್ಯವಾಗಿ ಎರಡು ಬಗೆ. ಕೆಲವರು ಏನೂ ನಡೆದೇ ಇಲ್ಲವೆಂಬಂತೆ ಹೆಗಲಮೇಲೆ ಕೈಹಾಕಿ ಹರಟುತ್ತಾರೆ. ನಡೆದಿದೆಯೆಂದು ಇಬ್ಬರಿಗೂ ಗೊತ್ತಿರುವುದರಿಂದ ಆ ಹರಟೆಯು ಗಾಯಕ್ಕೆ ಉಪ್ಪು. ಇನ್ನು ಕೆಲವರು ಮೊದಲನೆಯ ವಾರದಲ್ಲಿಯೇ ತಡವಾಗಿ ಬಂದವರಿಗೆ ಮೆಮೊ ಕೊಟ್ಟು ತಮ್ಮ ಕುರ್ಚಿಯನ್ನು ಭದ್ರಪಡಿಸಿಕೊಳ್ಳುತ್ತಾರೆ. "ಇದು ನನಗೆ ಬೇಕಾಗಿರಲಿಲ್ಲ, ನಿಮಗೇ ಸಲ್ಲಬೇಕಾಗಿತ್ತು" ಎಂಬ ವಿನಯವಂತೂ ಬೇಡವೇ ಬೇಡ. ಹಾಗಿದ್ದರೆ ಬೇಡವೆನ್ನಬಹುದಾಗಿತ್ತಲ್ಲ ಎಂದು ಕೇಳುವವರ ಮನಸ್ಸು ಹೇಳುತ್ತದೆ. ಆ ಜೊತೆಗಾರರ ಬಳಿಗೆ ತಾವೇ ಹೋಗಿ, ಕೋಣೆಗೆ ಕರೆಸಿಕೊಳ್ಳದೆ, "ನಿಮಗೆ ಬೇಸರವಾಗಿರುವುದು ಸಹಜ. ಹಳೆಯ ಕಡತಗಳ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ನನಗೆ ನಿಮ್ಮ ಸಹಾಯ ಬೇಕು" ಎಂದರೆ ಸಾಕು. ಎರಡನೆಯ ವಾಕ್ಯವು ನಿಜವಾಗಿದ್ದರೆ ಮಾತ್ರ ಅದನ್ನು ಆಡಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸದಿದ್ದರೆ ಅಪಾರ್ಥವಾದೀತು. ಎಲ್ಲ ಅಸಮಾಧಾನವನ್ನೂ ಮಾತಿನಿಂದ ತೀರಿಸಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ೧೯೭೩ರ ಏಪ್ರಿಲ್ ತಿಂಗಳಲ್ಲಿ, ಎಡನೀರು ಮಠದ ಸ್ವಾಮಿಗಳಾದ ಕೇಶವಾನಂದ ಭಾರತಿಯವರ ಮೊಕದ್ದಮೆಯ ತೀರ್ಪು ಹೊರಬಿದ್ದ ಬೆನ್ನಿಗೆ, ಸುಪ್ರೀಂ ಕೋರ್ಟಿನ ಮೂವರು ಹಿರಿಯ ನ್ಯಾಯಾಧೀಶರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಲಾಯಿತು. ದಾಟಲ್ಪಟ್ಟವರು ಶೆಲತ್, ಗ್ರೋವರ್ ಮತ್ತು ನಮ್ಮ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರು. ಮೂವರೂ ಆ ತೀರ್ಪಿನಲ್ಲಿ ಸರ್ಕಾರಕ್ಕೆ ಒಪ್ಪಿಗೆಯಾಗದ ಪಕ್ಷದಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರು ಮುಂದೆ ೧೯೭೭ರಲ್ಲಿ ಲೋಕಸಭೆಯ ಅಧ್ಯಕ್ಷರಾದರು. ಅಲ್ಲಿ ನೊಂದದ್ದು ಮೂವರ ಅಭಿಮಾನ ಮಾತ್ರವಲ್ಲ, ನ್ಯಾಯಸ್ಥಾನದ ಸ್ವಾತಂತ್ರ್ಯ. ಅಂಥ ಕಡೆ ಸಮಾಧಾನ ಮಾಡಿಕೊಳ್ಳುವುದೇ ತಪ್ಪಾಗುತ್ತಿತ್ತು. ನಮ್ಮ ನಿಮ್ಮ ಕಚೇರಿಗಳಲ್ಲಿಯೂ ನಿಯಮವನ್ನು ಮುರಿದು, ಲಂಚಕ್ಕಾಗಿಯೋ ಪಕ್ಷಪಾತಕ್ಕಾಗಿಯೋ ಒಬ್ಬರನ್ನು ದಾಟಿದ್ದರೆ, ಅದಕ್ಕೆ ಲಿಖಿತ ಮನವಿಯೂ ನ್ಯಾಯಾಲಯವೂ ಇವೆ. ಆದರೆ ಮೊದಲು ಕಾರಣವನ್ನು ಕೇಳಿ ತಿಳಿದುಕೊಳ್ಳದೆ, ಮುರಿದದ್ದು ನಿಯಮವೋ ನಮ್ಮ ನಿರೀಕ್ಷೆಯೋ ಎಂಬುದು ಹೇಗೆ ಗೊತ್ತಾಗಬೇಕು?

ಇಷ್ಟನ್ನು ಹೇಳುವ ಅಧಿಕಾರ ನಮಗೆ ಹೇಗೆ ಬಂದಿತೆಂದು ಕೇಳಬಹುದು. ತಪ್ಪುಮಾಡಿ ಬಂದಿತು. ಬಹಳ ವರ್ಷಗಳ ಹಿಂದೆ ನಾವಿದ್ದ ಕಚೇರಿಯಲ್ಲಿ, ನಮ್ಮೊಡನೆ ಅದೇ ವಾರದಲ್ಲಿ ಕೆಲಸಕ್ಕೆ ಸೇರಿದ ಸ್ನೇಹಿತರೊಬ್ಬರಿಗೆ ಬಡ್ತಿಯಾಯಿತು. ನಮಗೆ ಸುದ್ದಿಯನ್ನು ಹೇಳಿದವನು ಜವಾನ. ನಾವು ಅಭಿನಂದನೆಯನ್ನು ಹೇಳಿದೆವು. ಮರುದಿನದಿಂದ ಬುತ್ತಿಯನ್ನು ಒಬ್ಬರೇ ಕುಳಿತು ಉಂಡೆವು. ಅವರೂ ಏನನ್ನೂ ಹೇಳಲಿಲ್ಲ. ಒಂದು ವರ್ಷ ನಾಲ್ಕು ತಿಂಗಳು ಕಾಗದದ ಮೇಲೆ ಹೊರತು ನಮ್ಮಿಬ್ಬರಿಗೆ ಮಾತಿರಲಿಲ್ಲ. ಅವರ ತಂದೆ ತೀರಿಕೊಂಡಾಗ ಸಹ ನಾವು ಹತ್ತು ಜನರ ಜೊತೆಯಲ್ಲಿ ಹೋಗಿ, ಹತ್ತು ಜನರ ಹಿಂದೆ ನಿಂತು, ಹಿಂದಿರುಗಿಬಿಟ್ಟೆವು. ಆ ದಿನವನ್ನು ನೆನೆದರೆ ಈಗಲೂ ನಮಗೆ ತಲೆ ತಗ್ಗುತ್ತದೆ.

ಕೊನೆಗೆ ಮಳೆಯ ಒಂದು ಸಂಜೆ, ಬಸ್ಸಿಗೆ ಕಾಯುತ್ತ ಇಬ್ಬರೂ ಒಂದೇ ಸೂರಿನ ಕೆಳಗೆ ಸಿಕ್ಕಿಬಿದ್ದೆವು. ಮಳೆ ನಿಲ್ಲಲಿಲ್ಲ. ಅವರೇ ಬಾಯಿಬಿಟ್ಟು, "ಸ್ವಾಮಿ, ನೀವೇ ಬೇಡವೆಂದಿರಂತೆ. ಬೇಡವೆಂದು ಬಿಟ್ಟ ಮೇಲೆ ನನ್ನ ಮೇಲೆ ಏಕೆ ಕೋಪ?" ಎಂದರು. ನಾವು ಬೆರಗಾದೆವು. ಆ ಹುದ್ದೆಯವರು ತಿಂಗಳಿಗೆ ಹದಿನೈದು ದಿನ ಊರೂರು ಸುತ್ತಬೇಕಾಗಿತ್ತು. ಅದಕ್ಕೆ ಆರು ವರ್ಷ ಮುಂಚೆ, ತಾಯಿಯವರ ಕಾಯಿಲೆಯ ಕಾಲದಲ್ಲಿ, ನಾವು ಒಂದು ವರ್ಗಾವಣೆಯನ್ನು ಬೇಡಿಕೊಂಡು ತಪ್ಪಿಸಿಕೊಂಡದ್ದುಂಟು. ಅದನ್ನು ನೆನಪಿನಲ್ಲಿಟ್ಟುಕೊಂಡು, ಇವರು ಊರು ಬಿಟ್ಟು ಹೋಗಲೊಲ್ಲರೆಂದು ಯಾರೋ ಎಣಿಸಿಬಿಟ್ಟಿದ್ದರು. ನಮ್ಮನ್ನು ಕೇಳಿರಲಿಲ್ಲ. ಅಷ್ಟು ಹೊತ್ತಿಗೆ ತಾಯಿಯವರು ತೀರಿಕೊಂಡು ಮೂರು ವರ್ಷವಾಗಿತ್ತು.

ಮರುದಿನ ಬೆಳಗ್ಗೆ ನಾವಿಬ್ಬರೂ ಜೊತೆಯಾಗಿಯೇ ಮೇಲಧಿಕಾರಿಗಳ ಕೋಣೆಗೆ ಹೋಗಿ ವಿಷಯವನ್ನು ಕೇಳಿದೆವು. ಅವರು ಕನ್ನಡಕವನ್ನು ತೆಗೆದು ಬಹಳ ಹೊತ್ತು ಒರೆಸುತ್ತಿದ್ದು, "ನೀವು ಬೇಡವೆಂದಿರೆಂದು ನನಗೆ ಯಾರೋ ಹೇಳಿದ ನೆನಪು" ಎಂದರು. ಯಾರೆಂಬುದು ಅವರಿಗೂ ಗೊತ್ತಿರಲಿಲ್ಲ.